ಬೀರುವಿನಲ್ಲಿದ್ದ ಗೊಂಬೆ

ಪವಿತ್ರಾ, ಆ ದಿನ ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು. ನಿನಗೆ ನಾನು ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿರಲಿಲ್ಲ — ಒಂದು ಸಲವೂ ಇಲ್ಲ.

ಇಷ್ಟು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ಓದುವವಳು ನೀನೊಬ್ಬಳೇ ಆಗಬಾರದು.

ನೀನು ಹಂದನಕೆರೆಯಿಂದ ಬಂದು ನಮ್ಮ ಆಸ್ಪತ್ರೆಗೆ ಗುತ್ತಿಗೆ ನರ್ಸ್ ಆಗಿ ಸೇರಿದಾಗ ನಿನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ನಾನು ಹೆರಿಗೆ ವಾರ್ಡಿನ ಇನ್‌ಚಾರ್ಜ್. ಎಲ್ಲರೂ ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ನೀನು ಮಾತ್ರ ಮೊದಲ ದಿನದಿಂದಲೇ ಅಕ್ಕಾ ಅಂದೆ. ಹೊಸಬರಿಗೂ, ಆರು ತಿಂಗಳಿಗೊಮ್ಮೆ ಹಳಬರಿಗೂ ಹಸುಗೂಸಿನ ಆರೈಕೆಯ ತರಬೇತಿ ಕೊಡುವುದು ನನ್ನ ಪಾಲಿನ ಕೆಲಸ. ಹುಟ್ಟಿದ ಮಗು ಅಳದಿದ್ದರೆ ಒರೆಸಬೇಕು, ಬೆನ್ನು ಉಜ್ಜಬೇಕು. ಆಗಲೂ ಉಸಿರಾಡದಿದ್ದರೆ ತಲೆಯನ್ನು ಹದವಾಗಿ ಇಟ್ಟು, ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಒತ್ತಿ ಹಿಡಿದು, ಅದಕ್ಕೆ ಸೇರಿದ ರಬ್ಬರ್ ಬ್ಯಾಗ್ ಹಿಸುಕಿ ಗಾಳಿ ಕೊಡಬೇಕು. ಇದೆಲ್ಲ ಮೊದಲ ಒಂದು ನಿಮಿಷದೊಳಗೆ ಶುರುವಾಗಬೇಕು. ಎದೆ ಮೇಲೆದ್ದರೆ ಗಾಳಿ ಒಳಗೆ ಹೋಯಿತು ಅಂತ ಅರ್ಥ. ಓದಿದರೆ ಬರುವ ವಿದ್ಯೆಯಲ್ಲ ಇದು, ಕೈಗೆ ಕೂರಬೇಕು. ಅದಕ್ಕೆಂದೇ ಒಂದು ಗೊಂಬೆ ಕೊಟ್ಟಿದ್ದರು. ಸರಿಯಾಗಿ ಗಾಳಿ ಕೊಟ್ಟರೆ ಅದರ ಎದೆಯೂ ಏಳುತ್ತಿತ್ತು.

ಆ ಗೊಂಬೆ ನನ್ನ ರೂಮಿನ ಕಬ್ಬಿಣದ ಬೀರುವಿನಲ್ಲಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು — ಸಾಮಾನು ಉಪಯೋಗಿಸದೆ ಇಟ್ಟರೆ ಯಾರೂ ಕೇಳುವುದಿಲ್ಲ, ಹರಿದರೆ ಮುರಿದರೆ ಇನ್‌ಚಾರ್ಜ್ ಉತ್ತರ ಕೊಡಬೇಕು. ಹಾಗಾಗಿ ಒಳ್ಳೆಯ ಸಾಮಾನೆಲ್ಲ ಬೀರುವಿನಲ್ಲಿ, ತಪಾಸಣೆಗೆ ಬಂದವರಿಗೆ ತೋರಿಸಲು. ಗೊಂಬೆಯ ಪ್ಲಾಸ್ಟಿಕ್ ಕವರನ್ನು ಕೂಡ ನಾನು ತೆಗೆದಿರಲಿಲ್ಲ. ಸಾಹೇಬರು ಬಂದಾಗ "ನೋಡಿ ಸಾರ್, ಬಂದ ಹಾಗೇ ಇಟ್ಟಿದೀನಿ" ಅಂತ ಜಂಬ ಬೇರೆ.

ನಿನ್ನ ತರಬೇತಿಯ ದಿನ ಗೋಡೆಯ ಚಾರ್ಟು ತೋರಿಸಿ, ಓದಿ ಹೇಳಿ, ಅರ್ಧ ಗಂಟೆಯಲ್ಲಿ ಮುಗಿಸಿದೆ. ರಿಜಿಸ್ಟರಿನಲ್ಲಿ ಒಂದು ಕಾಲಂ ಇತ್ತು — ಗೊಂಬೆಯ ಮೇಲೆ ಅಭ್ಯಾಸ ಮಾಡಿದೆ ಅಂತ. ಎಲ್ಲರೂ ಸಾಲಾಗಿ ಸಹಿ ಹಾಕಿದರು. ನೀನು ಪೆನ್ನು ಹಿಡಿದು ನಿಂತೆ.

"ಅಕ್ಕಾ, ಒಂದ್ಸಲ ಗೊಂಬೆ ಮೇಲೆ ಮಾಡಿ ನೋಡ್ಲಾ? ಆಮೇಲೆ ಸೈನ್ ಹಾಕ್ತೀನಿ."

"ಅದು ಹರಿದೋದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾನೇನೇ? ಕೆಲಸ ಮಾಡ್ತಾ ಮಾಡ್ತಾ ತಾನೇ ಬತ್ತದೆ ಬುಡು. ಹಾಕು ಸೈನ್."

ಎಲ್ಲರೂ ನಕ್ಕರು. ನೀನೂ ನಕ್ಕು ಸಹಿ ಹಾಕಿದೆ. ಮತ್ತೆ ಯಾವತ್ತೂ ಕೇಳಲಿಲ್ಲ.

ಆಮೇಲಿನದು ನಮ್ಮಿಬ್ಬರಿಗೂ ಗೊತ್ತು. ಬೋರನಕಣಿವೆ ಕಡೆಯ ಹುಡುಗಿ, ಚೊಚ್ಚಲ ಹೆರಿಗೆ. ಅವಳ ಹೆಸರು ಇಲ್ಲಿ ಬರೆಯಲಾರೆ, ಆ ಹಕ್ಕು ನನಗಿಲ್ಲ. ಮಧ್ಯಾಹ್ನ ಊಟದ ಹೊತ್ತು. ಮಗು ಅಳಲಿಲ್ಲ. ನಾನು ಒಳಗೆ ಬಂದಾಗ ನೀನು ಬ್ಯಾಗ್ ಹಿಸುಕುತ್ತಿದ್ದೆ, ಮಾಸ್ಕಿನ ಪಕ್ಕದಿಂದ ಗಾಳಿ ಸೋರುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. "ಅಕ್ಕಾ, ಎದೆ ಏಳ್ತಿಲ್ಲ" ಅಂದೆ. ಬ್ಯಾಗನ್ನು ನನ್ನ ಕಡೆಗೇ ಚಾಚಿದೆ. "ಡಾಕ್ಟರ್ ಕರ್ಕೊಂಡ್ ಬತ್ತೀನಿ" ಅಂದವಳೇ ನಾನು ಹೊರಗೆ ಓಡಿದೆ.

ಓಡಲು ಆಯಾ ಇದ್ದಳು. ಬಾಗಿಲಲ್ಲೇ ನಿಂತಿದ್ದಳು.

ಡಾಕ್ಟರ್ ಬಂದು ಮಗುವಿನ ತಲೆಯನ್ನು ಒಂಚೂರು ಸರಿಪಡಿಸಿ ಬ್ಯಾಗ್ ಹಿಸುಕಿದರು, ಎದೆ ಎದ್ದಿತು. ಆದರೆ ಹೊತ್ತು ಮೀರಿತ್ತು. ತುಮಕೂರಿಗೆ ಕಳಿಸಿದೆವು, ಮೂರನೆಯ ದಿನ ಮಗು ತೀರಿಕೊಂಡಿತು. ನಾನು ಓಡಿ ಹೋಗಿ ಡಾಕ್ಟರನ್ನು ಕರೆತಂದದ್ದನ್ನು ಎಲ್ಲರೂ ಮೆಚ್ಚಿಕೊಂಡರು.

ವಿಚಾರಣೆಗೆ ಬಂದ ಅಧಿಕಾರಿ ರಿಜಿಸ್ಟರ್ ತೆಗೆದು ನಿನ್ನನ್ನು ಕೇಳಿದರು, "ಇದು ನಿನ್ನ ಸೈನೇನಮ್ಮಾ?"

"ಹೌದು ಸಾರ್, ಆದ್ರೆ..." ಅಂತ ನೀನು ನನ್ನ ಮುಖ ನೋಡಿದೆ. ಮುಂದಿನ ಮಾತು ನನ್ನ ಬಾಯಿಂದ ಬರಲಿ ಅಂತ ಕಾದೆ. ಎಷ್ಟು ಹೊತ್ತು ಕಾದೆ ಅಂತ ನನಗೆ ಈಗಲೂ —

"ಗೊಂಬೆ ಮೇಲೂ ಮಾಡ್ಸಿದೀನಿ ಸಾರ್" ಅಂದೆ ನಾನು. "ಗಾಬರೀಲಿ ಕೈ ನಡುಗಿರ್ಬೇಕು, ಪಾಪ."

ಆ 'ಪಾಪ' ಅನ್ನುವ ಮಾತು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ನೀನು ತಲೆ ತಗ್ಗಿಸಿದೆ. ಬೀರು ತೆಗೆಸಿ ನೋಡಿ ಸಾರ್, ಕವರೇ ಬಿಚ್ಚಿಲ್ಲ ಅಂತ ಒಂದು ಮಾತು ಅಂದಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನೀನು ಅನ್ನಲಿಲ್ಲ. ಅಕ್ಕಾ ಅಂತ ಕರೆದಿದ್ದಕ್ಕೋ, ಹೇಳಿದರೂ ಯಾರೂ ನಂಬುವುದಿಲ್ಲ ಅನ್ನಿಸಿತೋ, ಕೇಳುವ ಧೈರ್ಯ ನನಗೆ ಬಂದಿಲ್ಲ. ಅದೇ ಸಂಜೆ ನಾನು ಬೀರು ತೆಗೆದು, ಕತ್ತರಿಯಿಂದ ಗೊಂಬೆಯ ಕವರು ಕತ್ತರಿಸಿ, ಮನೆಗೆ ಒಯ್ದು ಒಲೆಗೆ ಹಾಕಿದೆ. ಮುಂದಿನ ತಿಂಗಳು ನಿನ್ನ ಗುತ್ತಿಗೆ ಮುಂದುವರಿಯಲಿಲ್ಲ.

ವಾರ್ಡಿನಲ್ಲಿ ಯಾರೂ ನನ್ನನ್ನು ದೂರಲಿಲ್ಲ. "ನೀವು ಗಟ್ಟಿಯಾಗಿ ನಿಂತಿದ್ದಕ್ಕೆ ನಾವೆಲ್ಲ ಬಚಾವಾದ್ವಿ ಸಿಸ್ಟರ್" ಅಂದರು. ಬೈದಿದ್ದರೆ ಅವರ ಜೊತೆ ಕೂತು ಊಟ ಮಾಡಬಹುದಿತ್ತೇನೋ. ಅಂದಿನಿಂದ ನನ್ನ ಡಬ್ಬಿಯನ್ನು ರೂಮಿಗೆ ತಂದುಕೊಂಡು, ಆ ಬೀರುವಿನ ಎದುರಿಗೇ ಕೂತು ಉಣ್ಣುತ್ತೇನೆ. ಮನೆಗೆ ಹೋದರೂ ನಾನೊಬ್ಬಳೇ. ಒಂದು ಮುದ್ದೆ ಕಟ್ಟುವುದು, ಟೀವಿ ಹಾಕುವುದು, ಅದು ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳದೆ ಇರುವುದು. ಹೇಳಿಕೊಳ್ಳಲು ಯಾರೂ ಇಲ್ಲ ಅಂತ ಬಹಳ ದಿನ ನನಗೆ ನಾನೇ ಮರುಗಿಕೊಂಡೆ. ಹೇಳಬೇಕಾದವಳು ಹಂದನಕೆರೆಯಲ್ಲಿ ಇದ್ದೇ ಇದ್ದಳು.

ಹೋದ ಶ್ರಾವಣದಲ್ಲಿ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ನಾನು ಮೊದಲೇ ನೋಡಿದ್ದೆ, ಕಂಬದ ಮರೆಗೆ ಸರಿದಿದ್ದೆ.

"ಚೆನ್ನಾಗಿದೀರಾ ಅಕ್ಕಾ? ಸಣ್ಣಗಾಗ್ಬುಟ್ಟಿದೀರ."

ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ ಅಂದೆ ನೀನು. ಬೇರೆ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂತ ಕೇಳಿದೆ — ನಾನು, ನಾಚಿಕೆಯಿಲ್ಲದವಳು.

"ಎಲ್ಲೋದ್ರೂ ಹಳೇ ಆಸ್ಪತ್ರೆ ಕಾಗದ ಕೇಳ್ತಾರೆ ಅಕ್ಕಾ. ಕೆಲಸ ಕೊಟ್ರೂ ನಂಗೆ ಭಯ. ನನ್ನ ಕೈಯಲ್ಲೇ ಏನೋ ದೋಷ ಐತೆ ಅನ್ಸ್ತದೆ. ನಮ್ಮಕ್ಕನ ಕೂಸನ್ನೂ ಎತ್ಕೊಳಕ್ಕೆ ಆಗ್ಲಿಲ್ಲ."

ನಿನ್ನ ಬಸ್ಸು ಬಂತು. ನಾನು ಅಲ್ಲೇ ನಿಂತೆ. ನಿನ್ನ ಕೆಲಸ ಹೋಯಿತು ಅಂತಷ್ಟೇ ತಿಳಿದಿದ್ದೆ ಪವಿತ್ರಾ. ನಿನ್ನ ಕೈಯದೇ ತಪ್ಪು ಅನ್ನುವ ನನ್ನ ಸುಳ್ಳನ್ನು ನೀನು ನಂಬಿಬಿಟ್ಟಿದ್ದೀಯ ಅಂತ ತಿಳಿದಿರಲಿಲ್ಲ.

ಅದರ ಮುಂದಿನ ಭಾನುವಾರ ವಾರ್ಡು ಖಾಲಿಯಿತ್ತು. ಬಾಗಿಲು ಹಾಕಿಕೊಂಡು ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ಮಾಸ್ಕ್ ಇಟ್ಟು ಬ್ಯಾಗ್ ಹಿಸುಕಿದೆ. ಎದೆ ಏಳಲಿಲ್ಲ. ಹತ್ತು ಸಲ, ಇಪ್ಪತ್ತು ಸಲ... ಏಳಲಿಲ್ಲ.

ಇನ್ನೂ ಒಂದು ಮಾತು ಉಳಿದಿದೆ, ಅದನ್ನು ಇಲ್ಲಿಯವರೆಗೂ ತಳ್ಳಿಕೊಂಡು ಬಂದೆ. ನನಗೆ ಇದು ಮೊದಲೇ ಗೊತ್ತಿತ್ತು. ನೀನು ಬರುವ ಮುಂಚೆ ನನ್ನನ್ನು ಜಿಲ್ಲಾ ತರಬೇತಿಗೆ ಕಳಿಸಿದ್ದರು. ನಲವತ್ತು ಜನಕ್ಕೆ ಒಂದು ಗೊಂಬೆ. ನನ್ನ ಸರದಿಯಲ್ಲಿ ಅದರ ಎದೆ ಏಳಲಿಲ್ಲ. ಕಲಿಸುತ್ತಿದ್ದವಳು ನಿನ್ನ ವಯಸ್ಸಿನವಳು. "ಪರ್ವಾಗಿಲ್ಲ ಮೇಡಂ, ಇನ್ನೊಂದ್ಸಲ ಮಾಡಿ" ಅಂದಳು. ನನ್ನದು ಇಪ್ಪತ್ತೈದು ವರ್ಷದ ಸರ್ವಿಸು. ಹಿಂದೆ ನಿಂತವರೆಲ್ಲ ನೋಡುತ್ತಿದ್ದಾರೆ. "ದಿನಾ ಮಾಡೋದೇ ತಾನೇ ಬಿಡಿ" ಅಂತ ಬ್ಯಾಗನ್ನು ಮುಂದಿನವರ ಕೈಗೆ ದಾಟಿಸಿದೆ. ಸರ್ಟಿಫಿಕೇಟು ಹಿಡಿದು, ನಿಮಗೆ ಕಲಿಸುವವಳಾಗಿ ವಾಪಸು ಬಂದೆ. ಸಾಮಾನು ಹರಿದರೆ ಉತ್ತರ ಕೊಡಬೇಕು ಅನ್ನುವ ಭಯ ಇದ್ದದ್ದು ನಿಜ. ಆದರೆ ಬೀರುವಿಗೆ ಬೀಗ ಹಾಕಿದ್ದು ನಿಮ್ಮೆಲ್ಲರ ಮುಂದೆ ನನ್ನ ಕೈ ಸೋಲಬಾರದು ಅಂತ. ಆ ಮಧ್ಯಾಹ್ನ ನೀನು ಬ್ಯಾಗ್ ಚಾಚಿದಾಗ ನಾನು ಓಡಿದ್ದೂ ಅದಕ್ಕೇ.

ಆಮೇಲೆ ನಮ್ಮಲ್ಲಿಗೆ ಹೊಸದಾಗಿ ಬಂದ ಮಕ್ಕಳ ಡಾಕ್ಟರಮ್ಮನನ್ನು ಕೇಳಿದೆ, ನನಗೆ ಬರುವುದಿಲ್ಲ, ಕಲಿಸಿ ಅಂತ. ಕತ್ತನ್ನು ತೀರಾ ಹಿಂದಕ್ಕೆ ಬಾಗಿಸುತ್ತಿದ್ದೆ, ಅಷ್ಟೇ ತಪ್ಪು. ಕಾಲು ಗಂಟೆಯಲ್ಲಿ ಗೊಂಬೆಯ ಎದೆ ಎದ್ದಿತು. ಎದ್ದು ಇಳಿಯುವುದನ್ನು ನೋಡುತ್ತ ನಾನು ಅಳತೊಡಗಿದೆ. ಆಕೆ ಪಾಪ, ಏನೂ ತಿಳಿಯದೆ ನೀರು ತಂದುಕೊಟ್ಟಳು.

ಇದರಲ್ಲಿರುವುದನ್ನೆಲ್ಲ ಬರೆದು, ವಿಚಾರಣೆ ಮಾಡಿದ ಕಚೇರಿಗೆ ಇವತ್ತು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅವರು ಏನು ಮಾಡಿದರೂ ಸರಿಯೇ. ಬುಧವಾರ ರಜೆ ಹಾಕಿ ಆ ತಾಯಿಯ ಊರಿಗೆ ಹೋಗುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕ್ಷಮಿಸು ಅಂತ ನಿನ್ನನ್ನು ಕೇಳುವುದಿಲ್ಲ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ, ನಿನ್ನ ಅಕ್ಕನ ಮಗುವನ್ನು ಎತ್ತಿಕೋ.

ನೀನು ಪೆನ್ನು ಹಿಡಿದು ನಿಂತು ಕೇಳಿದ್ದಕ್ಕೆ ನಾನು ಅಂದೇ ಕೊಡಬೇಕಾಗಿದ್ದ ಉತ್ತರ ಇದು: "ನಂಗೂ ಬರಲ್ಲ ಕಣೇ ಪವಿತ್ರಾ. ಬೀಗದ ಕೈ ತಗೊಂಬಾ, ಇಬ್ರೂ ಕಲಿಯಾನ."