ನಮ್ಮ ಮನೆಯವರ ಪ್ರಾರ್ಥನೆ ಕೆಟ್ಟ ಕಥೆ

ನಮ್ಮ ಮನೆಯವರು ಮೊದಲು ಬಹಳ ಚೆನ್ನಾಗಿ ಪ್ರಾರ್ಥನೆ ಮಾಡುತ್ತಿದ್ದರು. ಆಗ ಅವರಿಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಈಗ ನಂಬಿಕೆ ಬಂದಿದೆ, ಪ್ರಾರ್ಥನೆ ಕೆಟ್ಟುಹೋಗಿದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗುವವರು ಒಂದು ವಾರ ನಮ್ಮ ಮನೆಯಲ್ಲಿದ್ದು ಊಟಕ್ಕೆ ಕೂತು ನೋಡಲಿ. ಇವರು ಕಣ್ಣು ಮುಚ್ಚುತ್ತಾರೆ, ಸಾರು ಆರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬಾಯಿಂದ ಮಾತ್ರ ಒಂದು ಮಾತು ಹೊರಡುವುದಿಲ್ಲ.

ಇವರ ಹೆಸರು ಜಯಶೀಲ. ತುಮಕೂರಿನ ಕಡೆಯವರು. ಇವರಪ್ಪ ಸಭೆಯ ಉಪದೇಶಿ, ಪಾಸ್ಟರು ಹೋಗಲಾಗದ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಆರಾಧನೆ ನಡೆಸುತ್ತಿದ್ದರು. ಸೈಕಲ್ಲಿನ ಹಿಂದೆ ಕೂತು ಸುತ್ತಿದ ಇವರು, ಅಪ್ಪನ ಪ್ರಾರ್ಥನೆಗಳನ್ನು ಮಗ್ಗಿಯ ಹಾಗೆ ಕಲಿತುಬಿಟ್ಟರು. ಮದುವೆಗೊಂದು, ಕಾಯಿಲೆಗೊಂದು, ಸಾವಿಗೊಂದು. ಮುಂದೆ ಎಂಜಿನಿಯರ್ ಆದರು, ಗಣಿ ಕಂಪನಿಯ ಕೆಲಸ ಸಿಕ್ಕಿ ಪರ್ತ್‌ಗೆ ಬಂದೆವು. ಮಗಳು ಪ್ರೇರಣಾಳ ಸ್ಕೂಲಿನ ಆಸೆಗೆ ವಿಲೆಟನ್‌ನಲ್ಲಿ ಮನೆ ಹಿಡಿದೆವು. ಅಲ್ಲಿ ನಮ್ಮಂಥ ಕನ್ನಡ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಟ. ಮೊದಲು ಪ್ರಾರ್ಥನೆ, ಆಮೇಲೆ ಬಿರಿಯಾನಿ.

ಇವರು ಬಾಯಿ ತೆರೆದರೆ ಅರಳು ಹುರಿದ ಹಾಗೆ. ಸ್ತೋತ್ರದಿಂದ ಶುರು ಮಾಡಿ, ಪಾಪಕ್ಕೆ ಕ್ಷಮೆ ಕೇಳಿ, ಮನೆಯವರನ್ನು ಹೆಸರು ಹಿಡಿದು ಹರಸಿ, ವಿಧವೆಯರು, ಅನಾಥರು, ದೇಶ ಆಳುವವರು ಎಲ್ಲರನ್ನೂ ಒಂದು ಸುತ್ತು ಹಾಕಿ ಆಮೆನ್‌ಗೆ ಬಂದು ನಿಲ್ಲುವಷ್ಟರಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದೂ ಸ್ನೇಹಿತರೂ ಬಿಡುತ್ತಿರಲಿಲ್ಲ. ನಟರಾಜ್ ಹೊಸ ಕಾರು ತಗೊಂಡಾಗ ಟೈರಿನಡಿ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಆಮೇಲೆ ಇವರ ಕಡೆ ತಿರುಗಿ, "ಜಯಶೀಲ್, ನಿಮ್ದೂ ಒಂದು ಇರ್ಲಿ, ಸೇಫ್ ಸೈಡ್" ಅಂದರು. ಇವರು ಕಾರಿನ ಬ್ರೇಕಿಗೂ ಸೇರಿಸಿ ಪ್ರಾರ್ಥಿಸಿದರು. ನಟರಾಜರ ಹೆಂಡತಿ ಗೀತಾ ಅತ್ತೇಬಿಟ್ಟರು.

ಮನೆಗೆ ಬರುವಾಗ ಇವರ ಮೊದಲ ಮಾತು, "ಕ್ರಿಕೆಟ್ ಸ್ಕೋರ್ ಎಷ್ಟಾಯ್ತು ನೋಡೇ." ಭಾನುವಾರ ನನ್ನನ್ನೂ ಮಗಳನ್ನೂ ಚರ್ಚಿನ ಬಾಗಿಲಲ್ಲಿ ಇಳಿಸಿ, ತಾವು ಸರ್ವೋಗೆ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿಗೆ, ಕಾಫಿ ಕುಡಿಯಲು ಹೋಗುತ್ತಿದ್ದರು. ಕೊನೆಯ ಹಾಡಿನ ಹೊತ್ತಿಗೆ ಬಂದು ಹಿಂದೆ ನಿಲ್ಲುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿದೆ, "ನಿಮಗೆ ದೇವರು ಇದ್ದಾನಾ ಇಲ್ವಾ?"

"ಇದ್ರೆ ಇರ್ಲಿ ಬಿಡು, ನನಗೂ ಅವನಿಗೂ ಜಗಳ ಇಲ್ಲ" ಅಂದರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಹಾಗೆ.

ಪ್ರೇರಣಾ ಫಿಸಿಯೋಥೆರಪಿ ಓದಿ, ಸುಹಾಸ ಎಂಬ ನಮ್ಮವರ ಹುಡುಗನನ್ನೇ ಮದುವೆಯಾಗಿ ಅಡಿಲೇಡ್‌ಗೆ ಹೋದಳು. ಇವರ ಕೆಲಸ ಬ್ರಿಸ್ಬೇನ್‌ಗೆ ವರ್ಗವಾಗಿ ನಾವಿಬ್ಬರೂ ರನ್‌ಕಾರ್ನ್‌ಗೆ ಬಂದೆವು. ಅಲ್ಲೂ ಇವರ ಪ್ರಾರ್ಥನೆಗೆ ಬೇಡಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಮಗಳು ಬಸುರಿಯಾದಳು. ಐದು ತಿಂಗಳಾದಾಗ ಮಗು ಹೊಟ್ಟೆಯಲ್ಲೇ ಹೋಯಿತು. ನಾನು ಹೋಗಿ ಇದ್ದು ಬಂದೆ. ಇವರು ಫೋನಿನಲ್ಲಿ, "ದೇವರ ಚಿತ್ತ ಮಗಳೇ, ಆತ ಇನ್ನೊಂದು ಕೊಡ್ತಾನೆ" ಎಂದು ಚೆನ್ನಾಗಿಯೇ ಹೇಳಿದರು.

ಕೆಲವು ತಿಂಗಳ ಮೇಲೆ ಅವಳೂ ಸುಹಾಸನೂ ಅಡಿಲೇಡ್‌ನಲ್ಲಿ ಸ್ವಂತ ಮನೆ ತಗೊಂಡರು. ಹೊಸ ಮನೆಯ ಪ್ರಾರ್ಥನೆಗೆ ಅಲ್ಲಿನ ಸಭೆಯವರೆಲ್ಲ ಬಂದಿದ್ದರು. ನಡೆಸುವವರು ಇವರೇ, ಇನ್ನಾರು? ಇದಕ್ಕೆ ಹಿಂದಿನ ವಾರ ರನ್‌ಕಾರ್ನ್‌ನಲ್ಲಿ ಅಭಿನಂದನ್ ಎಂಬ ಹುಡುಗನ ಹೊಸ ಮನೆಗೆ ಪ್ರಾರ್ಥಿಸಿದ್ದರು, ಅವನ ಹೆಂಡತಿಗೆ ಆಗ ತುಂಬಿದ ತಿಂಗಳು. ಅದೇ ನಾಲಗೆ, ಅದೇ ದಾರಿ. "ಕರ್ತನೇ, ಈ ಬಾಗಿಲಿಗಾಗಿ ಸ್ತೋತ್ರ. ಈ ಒಲೆಗಾಗಿ ಸ್ತೋತ್ರ. ಈ ಮಗಳ ಗರ್ಭಫಲವನ್ನು ಇಷ್ಟು ತಿಂಗಳು ಜೋಪಾನ ಮಾಡಿದೆಯಲ್ಲಾ, ಅದಕ್ಕಾಗಿ ಸ್ತೋತ್ರ. ಬರಲಿರುವ ಆ ಕೂಸಿನ ನಗು ಈ ಮನೆಯನ್ನು ತುಂಬಲಿ."

ಕೂತವರು ರೂಢಿಯ ಮೇಲೆ "ಆಮೆನ್, ಆಮೆನ್" ಅನ್ನುತ್ತಲೇ ಇದ್ದರು. ನಾನು ಕಣ್ಣು ತೆರೆದೆ. ಪ್ರೇರಣಾ ಜ್ಯೂಸಿನ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇವರು ವಿಧವೆಯರನ್ನೂ ಅನಾಥರನ್ನೂ ಮುಗಿಸಿ, ಪ್ರಧಾನಮಂತ್ರಿಗೆ ಜ್ಞಾನ ಬೇಡಿ, ತೃಪ್ತಿಯಿಂದ ಕಣ್ಣು ಬಿಟ್ಟರು. ಅವಳು ಅಲ್ಲಿಯವರೆಗೂ ಕಾದಳು. ಆಮೇಲೆ ಇಂಗ್ಲಿಷಿನಲ್ಲಿ, ಮೆತ್ತಗೆ, "ಡ್ಯಾಡ್, ಈಗ ನೀವು ಯಾರ ಹತ್ತಿರ ಮಾತಾಡ್ತಾ ಇದ್ರಿ?" ಎಂದು ಕೇಳಿದಳು.

ಇವರಿಗೆ ಅರ್ಥವೇ ಆಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ನಾನು ಹೇಳಬೇಕಾಯಿತು. "ನಾನು ಹಾಗಂದೆನಾ?" ಅಂದರು. ಅಂದಿದ್ದೇ ಗೊತ್ತಿಲ್ಲ! ಬೇರೆ ಯಾರೋ ಅಂದಿದ್ದರೆ ನಾನೇ ಕೆನ್ನೆಗೆ ಬಾರಿಸುತ್ತಿದ್ದೆ. ಗಂಡನಾದ್ದರಿಂದ ಬಚಾವಾದರು.

ಹೊರಡುವಾಗ ಪ್ರೇರಣಾ ಬಾಗಿಲವರೆಗೂ ಬರಲಿಲ್ಲ. "ಇನ್ನು ನನ್ನ ಮನೇಲಿ ಪ್ರಾರ್ಥನೆ ಬೇಡ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಡ್ಯಾಡ್ ಕೂಡ ಬೇಡ" ಅಂದಳು. ಚರ್ಚಿಗೆ ಹೋಗುವುದನ್ನೂ ಬಿಟ್ಟಳು. ಒಬ್ಬಳೇ ಮಗಳು. ನನಗೆ ವಾರಕ್ಕೊಂದು ಮೆಸೇಜು, ಅದೂ ಹವಾಮಾನ ವರದಿಯ ಹಾಗೆ.

ಇವರು ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಿದರು. ಕರೆದವರಿಗೆಲ್ಲ ಗಂಟಲು ಸರಿಯಿಲ್ಲ ಅಂದರು. ಒಂದು ಬೆಳಿಗ್ಗೆ ನಾನು ಒಗೆದ ಬಟ್ಟೆ ಹರವಲು ಹಿತ್ತಲಿಗೆ ಹೋದರೆ, ಬಟ್ಟೆ ತಂತಿಯ ಕೆಳಗೆ ಮುಖ ಮೇಲೆ ಮಾಡಿಕೊಂಡು ನಿಂತಿದ್ದಾರೆ, ಕಣ್ಣಲ್ಲಿ ನೀರು ಸುರಿಯುತ್ತಿದೆ.

"ಏನ್ರೀ ಇದು?"

"ಯಾರಾದ್ರೂ ಇದ್ದೀರಾ ಅಂತ ಕೇಳ್ತಿದ್ದೆ."

"ಇದ್ದಾರಾ?"

"ಗೊತ್ತಿಲ್ಲ ಕಣೇ. ಆದ್ರೆ ಈ ಸಲ ಉತ್ತರ ಬೇಕು ಅಂತ ಕೇಳ್ದೆ."

ಉತ್ತರ ಹೇಗೆ ಬಂತೋ ನನಗೆ ಗೊತ್ತಿಲ್ಲ, ಇವರು ಹೇಳಲೂ ಇಲ್ಲ. ಕೆಲಸಕ್ಕೆ ಹೋಗುವ ಮುಂಚೆ ಹತ್ತಿರದ ಚರ್ಚಿನಲ್ಲಿ ನಾಲ್ಕು ಮುದುಕಿಯರ ಜೊತೆ ಕೂರಲು ಶುರು ಮಾಡಿದರು. ಭಾನುವಾರದ ಕಾಫಿ ನಿಂತಿತು. ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ಕೊಡುವ ಕರ್ತನ ಭೋಜನದ ರೊಟ್ಟಿ ಕೈಗೆ ಬಂದಾಗ ಮಗುವಿನ ಹಾಗೆ ಅತ್ತರು. ನಮ್ಮ ಸಾಲಿನವರೆಲ್ಲ ತಿರುಗಿ ನೋಡಿದರು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸವೆದ ಮಂಡಿಯಲ್ಲಿ ದಿನಾ ಮೊಣಕಾಲೂರುತ್ತಾರೆ. ಮುಲಾಮು ತಿಕ್ಕುವವಳು ನಾನು.

ಜನ ಮತ್ತೆ ಕರೆದಾಗ ಹೋದರು. ಹೋಗದಿದ್ದರೇ ಚೆನ್ನಾಗಿತ್ತು. ಪಕ್ಕದ ಬೀದಿಯ ಗುರುದತ್ ಮಗನ ಬರ್ತ್‌ಡೇ. ಕೇಕಿನ ಮೇಲೆ ಮೋಂಬತ್ತಿ ಉರಿಯುತ್ತಿದೆ, ಎಲ್ಲರೂ ಕೈ ಮುಗಿದಿದ್ದಾರೆ. ಇವರು ಕಣ್ಣು ಮುಚ್ಚುವ ಬದಲು ಗುರುದತ್ತನ ಹೆಂಡತಿ ಗೌತಮಿಯನ್ನು ನೋಡಿ, "ಏನು ಕೇಳ್ಲಮ್ಮಾ? ನಿಜವಾಗ್ಲೂ ಏನು ಬೇಕು ನಿಮಗೆ?" ಅಂದುಬಿಟ್ಟರು. ಆ ಹುಡುಗಿ ಗೊಳೋ ಎಂದು ಅತ್ತಳು. ಗುರುದತ್ತನ ಕೆಲಸ ಹೋಗಿ ತಿಂಗಳಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಈಗ ಊರಿಗೇ ಗೊತ್ತಾಯಿತು. ಇವರು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಮೋಂಬತ್ತಿ ಕೇಕಿನ ಮೇಲೆ ಕರಗಿತು.

ಮರುದಿನ ಗುರುದತ್ ನನಗೆ ಫೋನ್ ಮಾಡಿದ. "ಆಂಟಿ, ಅಂಕಲ್‌ಗೆ ಹೇಳ್ಬಿಡಿ, ಸುಮ್ನೆ ನಾಲ್ಕು ಒಳ್ಳೆ ಮಾತು ಹೇಳಿದ್ರೆ ಸಾಕಿತ್ತು. ಇಷ್ಟೆಲ್ಲ ಯಾರು ಕೇಳಿದ್ರು?"

ನಾನು ಇವರ ಮೇಲೆ ಹರಿಹಾಯ್ದೆ. "ಇಷ್ಟು ವರ್ಷ ದೇವರಿಲ್ದೆ ಚೆನ್ನಾಗಿ ನಡೀತಿತ್ತಲ್ರೀ! ಈಗೇನಾಯ್ತು ನಾಲಗೆಗೆ?"

"ಮುಂಚೆ ಯಾರೂ ಕೇಳಿಸ್ಕೊಳ್ತಿಲ್ಲ ಅಂದ್ಕೊಂಡಿದ್ದೆ. ಕೇಳಿಸ್ಕೊಳ್ಳೋರು ಇದ್ದಾರೆ ಅಂತ ಗೊತ್ತಾದ್ಮೇಲೆ ಮಾತಾಡೋದು ಕಷ್ಟ ಕಣೇ" ಅಂದರು.

ಇರಬಹುದು. ಆದರೆ ನನಗೆ ಬೇಕಾಗಿದ್ದದ್ದು ಮಗಳು. ಇವರಿಗೆ ದೇವರು ಸಿಕ್ಕಿದ, ನನಗೆ ಸಿಕ್ಕಿದ್ದೇನು? ಫೋನ್ ಮಾಡಿ ತಪ್ಪಾಯಿತು ಅನ್ನಿ ಎಂದು ದುಂಬಾಲು ಬಿದ್ದೆ. ಫೋನ್ ಮಾಡಿದರು, ತಪ್ಪಾಯಿತು ಅಂದರು. ಅವಳು "ಓಕೆ ಡ್ಯಾಡ್" ಎಂದು ಇಟ್ಟುಬಿಟ್ಟಳು. ನನಗೆ ಅಳು ಬಂತು, ಆದರೆ ಅವಳನ್ನೂ ದೂರುವಂತಿರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಮಾತಿನ ಮೋಡಿ ನೋಡಿದವಳು. ಅಂಥವರು ಕ್ಷಮೆ ಕೇಳಿದರೆ ಅದನ್ನೂ ಚೆನ್ನಾಗಿ ಕೇಳುತ್ತಾರೆ ಎಂದು ಅವಳಿಗೆ ಗೊತ್ತು.

ಈ ಸಲದ ಚಳಿಗಾಲದಲ್ಲಿ ಅವಳು ಮತ್ತೆ ಬಸುರಿ ಎಂದು ಸುಹಾಸ ಹೇಳಿದ. ಏಳನೇ ತಿಂಗಳಲ್ಲಿ ರಕ್ತ ಕಾಣಿಸಿ ಆಸ್ಪತ್ರೆಗೆ ಸೇರಿಸಿದರು. ಹಾಸಿಗೆ ಬಿಟ್ಟು ಏಳುವಂತಿಲ್ಲ. ಅಮ್ಮ ಬಾ ಎಂದು ಅವಳೇ ಮೆಸೇಜು ಮಾಡಿದಳು. ಅದರ ಕೆಳಗೆ ಇನ್ನೊಂದು ಸಾಲು, ಡ್ಯಾಡ್ ಬರಬಹುದು, ಆದರೆ ನೋ ಪ್ರೇಯಿಂಗ್.

ಇವರಿಗೆ ಓದಿ ಹೇಳಿದೆ. "ಆಯ್ತು" ಅಂದರು. ವಿಮಾನ ಹತ್ತುವ ಮುಂಚೆ ಮತ್ತೊಮ್ಮೆ ಹೇಳಿದೆ, "ನೋಡಿ, ಅಲ್ಲಿ ಹೋಗಿ ಕಣ್ಣು ಮುಚ್ಚಿದ್ರೋ, ಈ ಬಾಗಿಲೂ ಹೋಯ್ತು. ಇನ್ನೊಂದು ಸಿಗಲ್ಲ."

ಆಸ್ಪತ್ರೆಯಲ್ಲಿ ಇವರು ನೀರು ತುಂಬಿಸಿದರು, ಫೋನು ಚಾರ್ಜಿಗೆ ಹಾಕಿದರು, ಸುಹಾಸನ ಅಂಗಿ ಇಸ್ತ್ರಿ ಮಾಡಿ ತಂದರು. ಪ್ರೇರಣಾ "ಥ್ಯಾಂಕ್ಸ್" ಎನ್ನುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಒಂದು ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಅಲ್ಲಿನ ಸಭೆಯ ಹಿರಿಯರಾದ ದೇವಪ್ರಿಯಣ್ಣ ದ್ರಾಕ್ಷಿ ಹಿಡಿದುಕೊಂಡು ನೋಡಲು ಬಂದರು. ಕಿವಿ ಮಂದ, ಮನಸ್ಸು ಒಳ್ಳೆಯದು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ನಿಂತು, "ಜಯಶೀಲಾ, ಒಂದು ಪ್ರಾರ್ಥನೆ ಮಾಡಪ್ಪಾ, ಹೊರಡ್ತೀನಿ" ಎಂದು ಕೈ ಜೋಡಿಸಿ ಕಣ್ಣು ಮುಚ್ಚಿಯೇಬಿಟ್ಟರು.

ಪ್ರೇರಣಾ ಅಪ್ಪನನ್ನೇ ನೋಡುತ್ತಿದ್ದಳು, ಬಂದಾಗಿನಿಂದ ಮೊದಲ ಸಲ. ಇವರ ತುಟಿ ಅಲುಗಿತು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ.

"ಇಲ್ಲಣ್ಣ, ಮಾಡಲ್ಲ" ಅಂದರು ಇವರು. "ಅವಳು ಬೇಡ ಅಂದಿದ್ದಾಳೆ."

ದೇವಪ್ರಿಯಣ್ಣನಿಗೆ ಅದು ಕೇಳಿಸಲಿಲ್ಲ. ಪ್ರಾರ್ಥನೆ ಶುರುವಾಯಿತೆಂದೇ ತಿಳಿದು ತಲೆ ಇನ್ನೂ ಬಗ್ಗಿಸಿದರು. ಇವರು ಮಂಚದ ಪಕ್ಕ ಹೋಗಿ ನಿಂತರು.

"ಮಗಳೇ, ಒಂದು ಕೇಳ್ಲಾ? ಆ ಮಗುಗೆ ಹೆಸರಿಟ್ಟಿದ್ರಾ?"

ಸುಹಾಸ ಕಿಟಕಿಯ ಕಡೆ ತಿರುಗಿಕೊಂಡ. ಯಾಕೆ ಎಂದು ಪ್ರೇರಣಾ ಇಂಗ್ಲಿಷಿನಲ್ಲಿ ಕೇಳಿದಳು, ಧ್ವನಿ ಗಡುಸಾಗಿತ್ತು.

"ದಿನಾ ಅದರ ವಿಷಯ ದೇವರ ಹತ್ರ ಮಾತಾಡೋಣ ಅಂತ ಕೂತ್ಕೋತೀನಿ. ಏನಂತ ಕರೀಬೇಕು ಗೊತ್ತಾಗಲ್ಲ. ಅಲ್ಲಿಗೇ ನಿಂತ್ಹೋಗುತ್ತೆ. ಮುಂದಕ್ಕೆ ಹೋಗೋಕೆ ಆಗ್ತಿಲ್ಲ."

ಅವಳು ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. ಆಮೇಲೆ, "ರೂತ್" ಅಂದಳು.

"ರೂತ್" ಅಂದರು ಇವರು.

ರೂತಳಿಗೆ ತಲೆಯ ಮೇಲೆ ಆಗಲೇ ನವಿರು ಕೂದಲು ಮೂಡಿತ್ತಂತೆ. ಬೆರಳು ಉದ್ದ, ಸುಹಾಸನ ಅಮ್ಮನ ಹಾಗೆ. ನರ್ಸು ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳಂತೆ, ಸಂಜೆಯವರೆಗೂ ಇವಳು ಎತ್ತಿಕೊಂಡಿದ್ದಳಂತೆ. ಇದನ್ನೆಲ್ಲ ಅವಳು ಅಪ್ಪನ ಅಂಗಿಯ ತೋಳು ಹಿಡಿದುಕೊಂಡು ಹೇಳಿದಳು. ಇವರು ಒಂದು ಒಳ್ಳೆಯ ಮಾತೂ ಆಡಲಿಲ್ಲ. ದೇವರ ಚಿತ್ತ ಅನ್ನಲಿಲ್ಲ, ಆತ ಇನ್ನೊಂದು ಕೊಡುತ್ತಾನೆ ಅನ್ನಲಿಲ್ಲ. ಮಂಚದ ಸರಳಿಗೆ ಹಣೆ ಒತ್ತಿಕೊಂಡು, ಮೂಗು ಸೋರಿಸಿಕೊಂಡು, "ರೂತ್, ರೂತ್" ಅನ್ನುತ್ತಿದ್ದರು. ಅವಳ ಇನ್ನೊಂದು ಕೈ ಇವರ ತಲೆಯ ಮೇಲೆ ಹೋಯಿತು. ಆ ಮಗುವಿನ ಅಜ್ಜಿ ನಾನು, ಆ ಹೆಸರನ್ನು ಆಗಲೇ ಮೊದಲು ಕೇಳಿದ್ದು.

ದೇವಪ್ರಿಯಣ್ಣ ಇನ್ನೂ ಕೈ ಮುಗಿದು, ಕಣ್ಣು ಮುಚ್ಚಿ, ಆಮೆನ್‌ಗಾಗಿ ಕಾಯುತ್ತಾ ನಿಂತಿದ್ದರು. ನಾನು ಕಣ್ಣೊರೆಸಿಕೊಂಡು ಹೋಗಿ ಅವರ ಭುಜ ಮುಟ್ಟಿ, ಕಿವಿಯ ಹತ್ತಿರ ಗಟ್ಟಿಯಾಗಿ, "ಕಣ್ಣು ಬಿಡಿ ಅಣ್ಣ, ಪ್ರಾರ್ಥನೆ ಆಯ್ತು" ಅಂದೆ.