ದಮ್ಮಿರುವ ಮಷಿನ್, ಹರಿಯದ ದಾರ

“ದಮ್ಮಿರೋದು ಕೊಡಪ್ಪಾ. ಹಳೇದಕ್ಕ ದಮ್ಮಿರಲಿಲ್ಲ, ಅದಕ್ಕ ನನ್ನ ಮಗನ ಬೆರಳು ತಿಂತು.”

ಆದೋನಿಯ ಮಷಿನ್ ಅಂಗಡಿಯ ಕೌಂಟರಿಗೆ ಎರಡೂ ಕೈ ಊರಿ ಹೀಗೆಂದವಳು ನಮ್ಮ ದೊಡ್ಡವ್ವ. ನನ್ನ ತಾಯಿಯ ಅಕ್ಕ. ಕೊಳ್ಳಲು ಹೋಗಿದ್ದು ರೌಟರ್. (ವೈಫೈ ಡಬ್ಬಿಯಲ್ಲ, ಮರಕ್ಕೆ ಅಂಚು, ಡಿಸೈನ್ ಕೊರೆಯುವ ಮಷಿನ್.) ಅವಳ ಮಗ ವೀರೇಶಣ್ಣನದು ಬಾಗಿಲು-ಕಿಟಕಿ ಮಾಡುವ ಶಾಪು. ಕೌತಾಳಂ ಕಡೆ ಹೊಸ ಮನೆ ಎದ್ದರೂ, ಎಮ್ಮಿಗನೂರು ಕಡೆ ಎದ್ದರೂ ತಲೆಬಾಗಿಲಿಗೆ ಅವನನ್ನೇ ಹುಡುಕಿಕೊಂಡು ಬರುತ್ತಾರೆ.

ಈ ಬೇಸಿಗೆಯಲ್ಲಿ ಅವನ ಬಲಗೈಯ ಕೊನೆಯ ಎರಡು ಬೆರಳು ಹೋದವು. ಗಾಯ ಮಾಯಿತು. ಮತ್ತೆ ಕೆಲಸ ಹಿಡಿಯುತ್ತೇನೆ ಅಂದ. ಹಳೆಯ ಮಷಿನ್ ಶಾಪಿನಲ್ಲಿ ಇರಕೂಡದು, ಹೊಸದನ್ನು ಆರಿಸಲು ತಾನೂ ಬರುತ್ತೇನೆ ಎಂದು ದೊಡ್ಡವ್ವ ಹಟ ಹಿಡಿದಳು. ವೀರೇಶಣ್ಣ, ಅವನ ಹೆಂಡತಿ ಲಕ್ಷ್ಮಿ ಅತ್ತಿಗೆ, ಫೋನಿನಲ್ಲಿ ರಿವ್ಯೂ ಓದಿ ಹೇಳಲು ನಾನು. ಹೀಗೆ ಹೊರಟಿತು ನಮ್ಮ ದಂಡು.

ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹಳೆಯ ಮಷಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ.

ಅಮಾವಾಸ್ಯೆಯ ದಿನ ಅವರ ಶಾಪಿನಲ್ಲಿ ಮರ ಕೊಯ್ಯುವುದಿಲ್ಲ. ಉಳಿ, ಗರಗಸ, ಮಷಿನ್ ಎಲ್ಲ ಒರೆಸಿ ಪೂಜೆ. ಆಮೇಲೆ ದೊಡ್ಡವ್ವ ತಾನೇ ಹೊಸೆದು ಅರಿಷಿಣದಲ್ಲಿ ಅದ್ದಿದ ಐದೆಳೆಯ ದಾರವನ್ನು ಎಲ್ಲರ ಬಲಗೈಗೂ ಕಟ್ಟುತ್ತಾಳೆ. ಮಗನಿಗೆ, ಶಾಪಿನ ಕೆಲಸಗಾರರಾದ ಈರಣ್ಣ ಮತ್ತು ಕಾಸೀಮನಿಗೆ, ಹೋದರೆ ನನಗೂ. ಕೈ ಕಾಯುವ ದಾರ ಅದು. ಕತ್ತರಿ ತಾಗಿಸುವಂತಿಲ್ಲ. ಗಂಟಿನ ತುದಿಗಳು ಜೋತಾಡಿದರೂ ಸರಿ, ತಾನಾಗಿ ಸವೆದು ಬೀಳಬೇಕು. “ನನ್ನ ದಾರ ಜಗ್ಗಿದ್ರೂ ಹರಿಯಂಗಿಲ್ಲ” ಎನ್ನುವುದು ಅವಳ ಹೆಮ್ಮೆ. (ಹತ್ತಿಯ ಊರಿನ ಹೆಂಗಸು. ಹೆಮ್ಮೆ ಇರಬೇಕಾದ್ದೇ.)

ಬೆರಳು ಹೋದ ದಿನ ವೀರೇಶಣ್ಣ ಮಷಿನ್ನಿನ ಸ್ವಿಚ್ ಆಫ್ ಮಾಡಿದ್ದ. ಮರ ಕೊರೆಯುವ ಅಲಗು, ಬಿಟ್, ಇನ್ನೂ ತಿರುಗುತ್ತಿತ್ತು. ಹೊಟ್ಟು ಕೊಡವಲು ಕೈ ಹಾಕಿದ. ದಾರದ ತುದಿ ಸಿಕ್ಕಿಕೊಂಡಿತು. ದೊಡ್ಡವ್ವ ಹೇಳಿದ್ದು ನಿಜ, ಅದು ಹರಿಯಲಿಲ್ಲ.

ಆಸ್ಪತ್ರೆಗೆ ಅಳುತ್ತ ಓಡಿಬಂದ ಅವಳಿಗೆ ಅತ್ತಿಗೆ ಒಂದೇ ಮಾತು ಹೇಳಿದರು. “ಮಷಿನ್ ಹಳೇದಾಗಿತ್ತು ಅತ್ತಿ. ದಮ್ಮಿರಲಿಲ್ಲ, ಒದೀತು.” ನಾವೆಲ್ಲ ಹೌದೆಂದೆವು. ಬೇರೆ ಏನು ಹೇಳಬೇಕಿತ್ತು? ನೀನು ಕೈ ಕಾಯಲೆಂದು ಕಟ್ಟಿದ್ದೇ ಕೈ ತಿಂತು ಅಂತಲೇ?

ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ ಬಿಡಿ. ಅಪ್ಪನ ಶುಗರ್ ರಿಪೋರ್ಟ್ ಅಪ್ಪನಿಗೇ ಗೊತ್ತಾಗಬಾರದು. ಮೊಮ್ಮಗಳ ಸಂಬಂಧ ಮುರಿದದ್ದು ಅಜ್ಜಿಯ ಕಿವಿಗೆ ಬೀಳಬಾರದು. ಮುಚ್ಚಿಡುವುದಕ್ಕೆ ನಾವು ಪ್ರೀತಿ ಎಂದು ಹೆಸರಿಟ್ಟಿದ್ದೇವೆ.

ಅಂಗಡಿಯವನು ಮೂರು ರೌಟರ್ ತಂದಿಟ್ಟ. “ಚೂಡಮ್ಮಾ, ನೋಡಿಲ್ಲಿ, ಎಲ್ಲಾ ಹೆವಿ ಡ್ಯೂಟಿ. ಅರ್ಧ ಇಂಚಿನ ಬಿಟ್ ಹಿಡಿತಾವು. ತೇಗ ಹಾಕು, ಬೇವು ಹಾಕು, ಬೆಣ್ಣಿ ಕೊಯ್ದಂಗ ಕೊಯ್ತಾವು.”

ನಾನು ವಾಟ್, ಆರ್‌ಪಿಎಂ ಎಂದು ಫೋನ್ ನೋಡಿ ಒದರುತ್ತಿದ್ದೆ. ಯಾರೂ ಕೇಳಲಿಲ್ಲ. ದೊಡ್ಡವ್ವ ಒಂದೊಂದನ್ನೂ ಎತ್ತಿ ತೂಕ ನೋಡುತ್ತಿದ್ದಳು. ವೀರೇಶಣ್ಣ ಹಿಡಿ ನೋಡುತ್ತಿದ್ದ. ಮೊದಲನೆಯದು ಅವನ ಕೈಯಿಂದ ಜಾರಿತು. ಎರಡನೆಯದು ಚಾಲೂ ಆಗುವಾಗಲೇ ಜಿಗಿಯಿತು. ಮೂರನೆಯದಕ್ಕೆ ಸಾಫ್ಟ್ ಸ್ಟಾರ್ಟ್ ಇತ್ತು, ನಿಧಾನಕ್ಕೆ ವೇಗ ಏರುತ್ತಿತ್ತು. ಅದರ ದಪ್ಪ ಹಿಡಿಯ ಮೇಲೆ ಉಳಿದ ಮೂರು ಬೆರಳು ಸರಿಯಾಗಿ ಕೂತವು. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಕಂಡೆ.

“ಇದನ್ನ ಮರದ ಮ್ಯಾಲೆ ಓಡಿಸಿ ತೋರಿಸು” ಅಂದ.

ಅಂಗಡಿಯವನು ಹಲಗೆ ಇಟ್ಟ. ತನ್ನ ವಾಚು, ಕಡಗ ತೆಗೆದ. “ಫಸ್ಟ್ ರೂಲ್ ಅಣ್ಣಾ. ಕೈಯಾಗ ಏನೂ ಇರಬಾರದು. ವಾಚು, ಕಡಗ, ದಾರ…” ನನ್ನ ಮಣಿಕಟ್ಟಿನ ಕಡೆ ಬೆರಳು ಮಾಡಿದ. “ಈ ಅಣ್ಣನ ಕೈಯಾಗ ಐತಲ್ಲ, ಇಂಥಾದ್ದು.”

ಅತ್ತಿಗೆ ತಟ್ಟನೆ ಬಾಯಿ ಹಾಕಿದರು. “ಅದೆಲ್ಲಾ ಗೊತ್ತೈತಿ ಅಣ್ಣಾ. ವಾರಂಟಿ ಎಷ್ಟು ಹೇಳ್ರಿ.”

“ತಡಿ ಲಕ್ಷ್ಮೀ” ಅಂದಳು ದೊಡ್ಡವ್ವ. “ದಾರ ಇದ್ರ ಏನಾಗತೈತಪ್ಪಾ?”

“ಸುತ್ತಿಕೊಂಡು ಎಳೀತೈತಮ್ಮಾ. ಸವೆದ ದಾರ ಆದ್ರ ಹರೀತೈತಿ, ಬಚಾವ್. ಗಟ್ಟಿ ದಾರ ಆದ್ರ ಕೈನೂ ಕರಕೊಂಡು ಹೋಗತೈತಿ. ಮಷಿನ್‌ಗೆ ದಮ್ಮಿದ್ದಷ್ಟೂ ಜೋರು ಎಳೀತೈತಿ.”

ದೊಡ್ಡವ್ವ ಮಗನ ಕೈ ನೋಡಿದಳು. ಅವನು ಮೆಲ್ಲಗೆ ಆ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅವಳಿಗೆ ಅಷ್ಟು ಸಾಕಾಯಿತು.

“ಇದನ್ನ ಕಟ್ಟಿಕೊಡಪ್ಪಾ” ಅಂದಳು. ಆಟೋ ಹಿಡಿದು ಹೊರಟೆವು.

ಶಾಪು ಬಂತು. ಹೊಸ ಮಷಿನ್ನಿನ ಡಬ್ಬಿಯತ್ತ ಅವಳು ತಿರುಗಿಯೂ ನೋಡಲಿಲ್ಲ. “ಲಕ್ಷ್ಮೀ, ಕತ್ತರಿ ತಾ. ಈರಣ್ಣಾ, ಕಾಸೀಮಾ, ಕೈ ಚಾಚ್ರಿ.”

ಕಾಸೀಮ ಹಿಂಜರಿದ. “ಇರಲಿ ಬಿಡ್ರೀ ಅಮ್ಮಾ. ನಾವು ಹುಷಾರಾಗಿ ಅಂಗಿ ತೋಳಿನ್ಯಾಗ ಮಡಚಿಕೊಂಡು ಕೆಲಸ ಮಾಡತೀವಿ.”

“ಅಂದ್ರ ನಿಮಗೂ ಗೊತ್ತಿತ್ತು.” ಎರಡೂ ದಾರ ಕತ್ತರಿಸಿದಳು. ನಂತರ ನಮ್ಮ ಕಡೆ ತಿರುಗಿದಳು. “ಇವನ ಬೆರಳು ಹೋದಮ್ಯಾಲೂ ಪ್ರತಿ ಅಮಾಸಿಗೆ ಇವರಿಗೆ ಕಟ್ಟಿಕೊಂತ ಬಂದೀನಿ. ನೀವೆಲ್ಲಾ ನಿಂತು ನೋಡೀರಿ. ನನಗ ಬ್ಯಾಸರ ಆಗತೈತಂತ ಈ ಮಕ್ಕಳ ಕೈ ಅಡ ಇಟ್ರೇನು?”

“ನಿನ್ನ ಎದಿ ಒಡೀತೈತಿ ಅಂತ, ಅವ್ವಾ…” ಅಂದ ವೀರೇಶಣ್ಣ.

“ಒಡೀಲಿ ಬಿಡಪ್ಪಾ. ನನ್ನ ಎದಿ ಒಡದ್ರ ಯಾರ ಬೆರಳು ಹೋಗತಿದ್ವು?”

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಏನಾದರೂ ಮಾಡಬೇಕಲ್ಲ ಎಂದು ನನ್ನ ಕೈಯನ್ನೂ ಅವಳ ಕತ್ತರಿಯ ಮುಂದೆ ಚಾಚಿದೆ.

“ನಿಂದು ಇರಲಿ” ಅಂದಳು. “ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತವನ ಕೈಗೆ ಏನಾಗತೈತಿ?”