ಕೂತಲ್ಲೇ ತಿಳಿದ ಭಯ

ಮೂಡಬಿದಿರೆಯ ಬಸ್ಸಿಗೆ ಯಾರಾದರೂ ಹಲಸಿನ ಹಣ್ಣಿನ ಗೋಣಿ ಹತ್ತಿಸಿದರೆ ಉಳಿದವರ ಬಾಯಲ್ಲಿ ನೀರೂರುತ್ತದೆ, ನಾನು ಮಾತ್ರ ಕಿಟಕಿಗೆ ಮುಖ ತಿರುಗಿಸಿ ಕೂರುತ್ತೇನೆ. ಮೊನ್ನೆ ಶಿರ್ತಾಡಿಯಲ್ಲಿ ಹತ್ತಿದ ಹೆಂಗಸೊಬ್ಬರು ಗೋಣಿಯನ್ನು ನನ್ನ ಕಾಲ ಬುಡದಲ್ಲೇ ಇಟ್ಟು, "ಬಕ್ಕೆ ಹಣ್ಣು ಅಕ್ಕ, ಒಂದು ಸೊಳೆ ಕೊಡ್ಲಾ?" ಎಂದರು. ಐವತ್ತು ದಾಟಿದವಳು ನಾನು, ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. ನನ್ನ ಬದುಕಿನ ಮೊದಲ ದೊಡ್ಡ ಹೆದರಿಕೆ ಆ ಪರಿಮಳದೊಳಗೇ ಕೂತಿದೆ.

ಹೆತ್ತವಳು ಹೋದಾಗ ನನಗೆ ಮೂರು ವರ್ಷ. ಸಾಕಿದ್ದು ವೇಣೂರಿನ ಮನೆಯಲ್ಲಿ ದೊಡ್ಡಮ್ಮ. ಆ ಮನೆ ಇದ್ದ ಜಾಗದಲ್ಲಿ ಈಗ ಮದುವೆ ಮಂಟಪಕ್ಕೆ ಬಂದವರ ಕಾರುಗಳು ನಿಲ್ಲುತ್ತವೆ. ನಾವು ಜೈನರು, ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಸಂಜೆಯ ಹಳದಿ ಬೆಳಕು, ಕುಚ್ಚಲಕ್ಕಿ ಗಂಜಿಯ ಹಬೆ, ತೆಂಗಿನೆಣ್ಣೆಯ ಒಗ್ಗರಣೆ, ಇವೆಲ್ಲ ನನ್ನ ನೆನಪಿನಲ್ಲಿ ಒಂದೇ ವಸ್ತು. ಊಟದ ಹೊತ್ತಿಗೆ ದೊಡ್ಡಮ್ಮ ನನ್ನೊಡನೆ 'ನೋಡದೆ ಹೇಳು' ಎಂಬ ಆಟವಾಡುತ್ತಿದ್ದರು. ಮನೆಮಾತು ತುಳು, ಆದರೆ ಏಳನೇ ಕ್ಲಾಸು ಓದಿದ ಅವರು ಈ ಆಟಕ್ಕೆ ಮಾತ್ರ ಶಾಲೆಯ ಕನ್ನಡವನ್ನೇ ಆಡುವರು. ಒಮ್ಮೆ ಮನೆತುಂಬ ನೆಂಟರಿದ್ದಾಗ, "ಇಲ್ಲಿ ಹದಿಮೂರು ಜನ ಇದ್ದೇವೆ. ಇಬ್ಬರಾದರೂ ಒಂದೇ ತಿಂಗಳಲ್ಲಿ ಹುಟ್ಟಿದವರು ಉಂಟಾ, ಇಲ್ವಾ?" ಎಂದು ಕೇಳಿದರು. ನಾನು ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿ ಬೆವರು ಸುರಿಸಿಕೊಂಡು ಬಂದೆ. ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. "ಎಂಥ ಮಾರಾಯ್ತಿ, ತಿಂಗಳಿರುವುದೇ ಹನ್ನೆರಡು. ಕೇಳ್ಲಿಕ್ಕೆ ಯಾಕೆ ಹೋಗ್ಬೇಕು? ಕಣ್ಣಲ್ಲಿ ನೋಡಿದ್ದು ನಾಳೆ ಸುಳ್ಳಾದೀತು. ಕೂತಲ್ಲೇ ತಿಳಿದದ್ದನ್ನು ಯಾರೂ ಸುಳ್ಳು ಮಾಡ್ಲಿಕ್ಕಾಗುವುದಿಲ್ಲ." ಆ ಮಾತು ನನಗೆ ಬಹಳ ಹಿಡಿಸಿತು. ಅದು ನನ್ನನ್ನೇ ತಿರುಗಿ ಕಚ್ಚೀತೆಂದು ಆಗ ಯಾರು ಕಂಡಿದ್ದರು?

ಚಾತುರ್ಮಾಸದ ಮೊದಲ ದಿನ ಬಸದಿಗೆ ಹೋಗಿ, ತಿನ್ನುವ ವಸ್ತುಗಳಲ್ಲಿ ಒಂದನ್ನು ಬದುಕಿಡೀ ಬಿಟ್ಟೆನೆಂದು ನೇಮ ಹಿಡಿಯುವುದು ದೊಡ್ಡಮ್ಮನ ಪದ್ಧತಿ. ಒಂದು ವರ್ಷ ಕಾಫಿ ಬಿಟ್ಟರು, ಮರುವರ್ಷ ಬದನೆ. ನನಗೆ ಎಂಟಾದ ವರ್ಷ ಹಲಸು ಬಿಟ್ಟರು. ಹಲಸೆಂದರೆ ಪ್ರಾಣ ಬಿಡುತ್ತಿದ್ದವರು ಸೊಳೆ ಬಿಡಿಸಿ ಬಿಡಿಸಿ ನನ್ನ ಬಟ್ಟಲಿಗೆ ಹಾಕಿ, ತಾವು ಬರೀ ಕೈಯ ಮೇಣ ತಿಕ್ಕಿಕೊಳ್ಳುತ್ತ ಕೂತರು. ಬಾಯಲ್ಲಿ ಹಣ್ಣಿಟ್ಟುಕೊಂಡೇ ನನಗದು ಹೊಳೆಯಿತು. ತಿನ್ನುವ ವಸ್ತುಗಳು ಎಣಿಸಿದರೆ ಮುಗಿಯುವಷ್ಟೇ. ವರ್ಷಕ್ಕೊಂದು ಕಡಿಮೆಯಾಗುತ್ತದೆ. ಹಾಗಾದರೆ ಒಂದು ದಿನ ಏನೂ ಉಳಿಯುವುದಿಲ್ಲ, ಆಮೇಲೆ ದೊಡ್ಡಮ್ಮನೂ ಉಳಿಯುವುದಿಲ್ಲ. ಯಾರೂ ಹೇಳಿದ್ದಲ್ಲ, ನಾನು ಕಂಡದ್ದೂ ಅಲ್ಲ. ಕೂತಲ್ಲೇ ತಿಳಿದದ್ದು. ಬಾಯಲ್ಲಿದ್ದ ಸೊಳೆಯನ್ನು ಬಟ್ಟಲಿಗೇ ಉಗಿದೆ.

ಸ್ಲೇಟಿನಲ್ಲಿ ಪಟ್ಟಿ ಮಾಡಿದೆ. ಗಡ್ಡೆಗೆಣಸು, ನೀರುಳ್ಳಿ ನಮ್ಮಲ್ಲಿ ಮೊದಲೇ ಇಲ್ಲ, ಎಷ್ಟು ತಿಣುಕಿದರೂ ಐವತ್ತು ದಾಟಲಿಲ್ಲ. ಪಟ್ಟಿ ಉದ್ದ ಮಾಡುವುದೊಂದೇ ದಾರಿ ಎಂದುಕೊಂಡು ಪೇಟೆಯ ಬ್ಯಾರಿ ವ್ಯಾಪಾರಿ ಇದಿನಬ್ಬಾಕನ ಅಂಗಡಿಗೆ ಓಡಿದೆ. ಅವರ ಮಗ ಗಲ್ಫಿನಲ್ಲಿದ್ದ. "ಇಲ್ಲಿಲ್ಲದ ಹಣ್ಣು ಎಂಥಾದ್ರೂ ಉಂಟಾ?" ಎಂದು ಕೇಳಿದರೆ ಅವರು ನಕ್ಕು ಗಲ್ಫಿನ ಖರ್ಜೂರ ನಾಲ್ಕು ಕೊಟ್ಟರು. ಅದನ್ನು ದೊಡ್ಡಮ್ಮನ ಮಡಿಲಿಗೆ ಸುರಿದು, ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಲೆಕ್ಕ ತಪ್ಪೆಂದು ಅವರೊಮ್ಮೆ ಹೇಳಿಬಿಡಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅವರು ನನ್ನ ತಲೆ ನೇವರಿಸಿದರು. "ಲೆಕ್ಕ ಸರಿ ಉಂಟು ಮಗಾ," ಎಂದರು.

ಅಲ್ಲಿಂದ ಪ್ರತಿ ವರ್ಷ ಚಾತುರ್ಮಾಸ ಬಂತೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಏನು ಬಿಟ್ಟಿರೆಂದು ಕೇಳಿದರೆ, "ನೇಮ ಹೇಳಿಕೊಂಡು ತಿರುಗುವುದಲ್ಲ" ಎನ್ನುವರು. ಊಟಕ್ಕೆ ಕೂತಾಗ ಕಳ್ಳಿಯಂತೆ ಅವರ ಬಟ್ಟಲನ್ನೇ ನೋಡುತ್ತಿದ್ದೆ. ಮಜ್ಜಿಗೆ ಇದೆ, ಹೆಸರುಕಾಳು ಇದೆ, ಬಾಳೆಹಣ್ಣೂ ಇದೆ. ಏನೂ ಕಡಿಮೆಯಾಗದ್ದು ಕಂಡು ಹೆದರಿಕೆ ಇಮ್ಮಡಿಯಾಗುತ್ತಿತ್ತು. ಹೋದದ್ದು ಯಾವುದೆಂದೇ ತಿಳಿಯದಿದ್ದರೆ ಉಳಿದದ್ದನ್ನು ಎಣಿಸುವುದು ಹೇಗೆ? ಹೀಗೆ ಇಪ್ಪತ್ತೆರಡು ವರ್ಷ ಹೆದರಿದೆ. ಒಂದು ಮಧ್ಯಾಹ್ನ, ಹೊಟ್ಟೆತುಂಬ ಉಂಡು ಕೈತೊಳೆದು ಬಂದು ಒರಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ.

ದಹನ ಮುಗಿದ ಮೇಲೆ ಮುದುಕರಾಗಿದ್ದ ಇದಿನಬ್ಬಾಕ ಅಂಗಳದಲ್ಲಿ ನನ್ನ ಪಕ್ಕ ಬಂದು ಕೂತರು. "ನಿಮ್ಮ ದೊಡ್ಡಮ್ಮ ವರ್ಷಕ್ಕೊಮ್ಮೆ ಅಂಗಡಿಗೆ ಬರ್ತಿದ್ದರು ಮಗಳೇ. 'ನಿಮ್ಮ ಮಗ ಇರುವ ಊರಲ್ಲಿ ಇನ್ನು ಎಂಥ ಹಣ್ಣು ಉಂಟು ಬ್ಯಾರಿಗಳೇ?' ಅಂತ ಕೇಳಿ, ಒಂದು ಹೆಸರು ಬಾಯಿಪಾಠ ಮಾಡಿಕೊಂಡು ಸೀದಾ ಬಸದಿಗೆ ಹೋಗುವುದು, ಆ ವರ್ಷ ಅದನ್ನೇ ಬಿಟ್ಟೆ ಅಂತ ನೇಮ ಹಿಡಿಯಲಿಕ್ಕೆ. ಕಿವಿ ಹಣ್ಣು, ಪೀಚು, ಸ್ಟ್ರಾಬೆರಿ. ಕಣ್ಣಲ್ಲಿ ಕಂಡವರಲ್ಲ, ತಿಂದವರಲ್ಲ. ಇನ್ನು ಹೆಸರು ಮುಗೀತು ಅಂತ ನಾನು ಹೇಳಿದ್ರೆ, 'ಮುಗಿಯಬಾರದು ಬ್ಯಾರಿಗಳೇ, ಮನೆಯಲ್ಲಿ ಒಬ್ಬಳು ಲೆಕ್ಕ ಹಾಕ್ತಾ ಇದ್ದಾಳೆ,' ಅನ್ನುವರು."

ಆ ಸಂಜೆ ನೆರೆಮನೆಯವರು ಗಂಜಿ ತಂದು ನನ್ನ ಮುಂದಿಟ್ಟರು. ದೊಡ್ಡಮ್ಮ ಹೋಗುತ್ತಾರೆಂಬುದು ಎಂಟನೇ ವಯಸ್ಸಿನಿಂದಲೂ ನನಗೆ ಗೊತ್ತಿತ್ತು. ಹೋದ ಮೇಲೆ ಅನ್ನದ ಮುಂದೆ ಕೂರುವುದು ಹೇಗಿರುತ್ತದೆಂದು ಗೊತ್ತಿರಲಿಲ್ಲ, ಅದು ಕೂತಲ್ಲೇ ತಿಳಿಯುವಂಥದ್ದಲ್ಲ. "ಹೊತ್ತು ಮುಳುಗ್ತದೆ, ಉಣ್ಣು," ಎಂದು ಯಾರೋ ಹೇಳುತ್ತಲೇ ಇದ್ದರು. ಹೊತ್ತು ಮುಳುಗಿತು. ನಾನು ಉಣ್ಣಲಿಲ್ಲ.